‘ಎಣ್ಣೆ ಬೇಕಾದಷ್ಟು’ ಅಂತ ಬರೀಬೇಡಿ, ಚಮಚದ ಲೆಕ್ಕ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಆಲೂಗಡ್ಡೆ ತಿಂಡಿಗಳಿಗೆ ಅಂತಲೇ ಒಂದು ಇಡೀ ಪುಟ ಬಿಟ್ಟಿದ್ರಿ, ಖುಷಿಯಾಯ್ತು, ಕತ್ತರಿಸಿ ಇಟ್ಕೊಳ್ಳೋಣ ಅಂತ ಕತ್ತರಿ ತಗೊಂಡು ಕೂತೆ. ಕೂತು ಓದ್ತಾ ಹೋದ್ರೆ ಒಂದೊಂದು ರೆಸಿಪಿಯಲ್ಲೂ ಆಲೂಗಡ್ಡೆ ನಾಲ್ಕು, ಈರುಳ್ಳಿ ಎರಡು, ಮೆಣಸಿನ ಪುಡಿ ಅರ್ಧ ಚಮಚ ಅಂತ ಎಲ್ಲಾದಕ್ಕೂ ಲೆಕ್ಕ ಇದೆ, ಎಣ್ಣೆ ಹತ್ರ ಬಂದ್ರೆ ಮಾತ್ರ ‘ಬೇಕಾದಷ್ಟು’, ಇಲ್ಲಾಂದ್ರೆ ‘ಕರಿಯಲು’. ಅದೇ ಪುಟದ ಕೆಳಗಡೆ ಆರೋಗ್ಯದ ಬಾಕ್ಸ್‌ನಲ್ಲಿ, ತೂಕ ಇಳಿಸಬೇಕು ಅನ್ನೋರು ಆಲೂಗಡ್ಡೆಯಿಂದ ದೂರ ಇರಿ ಅಂತ ಬೇರೆ ಬರೆದಿದೆ. ನಾನು ಈ ಪತ್ರ ಬರೀತಿರೋದು ಆ ಎರಡು ಮಾತಿಗೋಸ್ಕರ. ಎಣ್ಣೆಗೆ ಅಳತೆ ಇಲ್ಲ, ಬೈಗುಳ ಮಾತ್ರ ಆಲೂಗಡ್ಡೆಗೆ, ಇದು ಸರಿ ಅಲ್ಲ ಅಂತ ನನಗೆ ತುಂಬಾ ಬಲವಾಗಿ ಅನ್ಸುತ್ತೆ, ಯಾಕೆ ಅಂದ್ರೆ ಈ ತಪ್ಪನ್ನೇ ನಮ್ಮ ಮನೆಯಲ್ಲಿ ನಾವು ಎಷ್ಟೋ ತಿಂಗಳು ಮಾಡಿದ್ವಿ.

ನಮ್ಮ ತಂದೆಗೆ ರಕ್ತ ಪರೀಕ್ಷೆ ರಿಪೋರ್ಟ್ ಬಂದಾಗ ಡಾಕ್ಟರ್ ಊಟದಲ್ಲಿ ಕೊಬ್ಬು ಕಡಿಮೆ ಮಾಡಿ ಅಂದ್ರು. ಮನೆಗೆ ಬಂದವರೇ ನಾವು ಮೊದಲು ನಿಲ್ಲಿಸಿದ್ದು ಆಲೂಗಡ್ಡೆ. ಅವರಿಗೋ ಬೆಳಗ್ಗೆ ಆಲೂಗಡ್ಡೆ ಅಂದ್ರೆ ಪ್ರಾಣ, ತಟ್ಟೆ ಮುಂದೆ ಕೂತ್ಕೊಂಡು ಇವತ್ತೂ ಇಲ್ವಾ ಅಂತ ಕೇಳೋರು, ನಾವು ಇಲ್ಲ ಅನ್ನೋದು, ಅವರು ಸುಮ್ಮನೆ ತಲೆ ತಗ್ಗಿಸಿ ಇದ್ದಿದ್ದನ್ನ ತಿಂದು ಏಳೋದು. ಎಷ್ಟೋ ದಿನ ಆದ್ಮೇಲೆ ಒಂದಿನ ಆ ಚೀಟಿ ತೆಗೆದು ಮತ್ತೆ ಓದಿದೆ. ಡಾಕ್ಟರ್ ಆಲೂಗಡ್ಡೆ ಅಂತ ಎಲ್ಲೂ ಬರೆದೇ ಇರ್ಲಿಲ್ಲ. ಅವರು ಹೇಳಿದ್ದು ಕೊಬ್ಬು, ಆಲೂಗಡ್ಡೆ ಅಂತ ಕೇಳಿಸ್ಕೊಂಡಿದ್ದು ನಾವು.

ಈಗ ಲೆಕ್ಕ ನೋಡಿ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಕೊಬ್ಬು ಇರೋದು ಸುಮಾರು 0.1 ಗ್ರಾಂ, ಅಂದ್ರೆ ಇಲ್ಲ ಅಂತಲೇ ಹೇಳಬಹುದು. ಕ್ಯಾಲೊರಿ 80ರಿಂದ 90ರ ಒಳಗೆ. ಗಡ್ಡೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ನೀರು. ಅದೇ ಆಲೂಗಡ್ಡೆಯನ್ನ ಉದ್ದುದ್ದ ಸೀಳಿ ಎಣ್ಣೆಯಲ್ಲಿ ಕರಿದ್ರೆ 100 ಗ್ರಾಂಗೆ ಕೊಬ್ಬು ಹೆಚ್ಚುಕಮ್ಮಿ 15 ಗ್ರಾಂ, ತೆಳ್ಳಗೆ ಹೆಚ್ಚಿ ಗರಿಗರಿ ಚಿಪ್ಸ್ ಮಾಡಿದ್ರೆ 30 ಗ್ರಾಂ ದಾಟಿ 35ರ ಹತ್ತಿರಕ್ಕೆ ಹೋಗುತ್ತೆ. ಗಡ್ಡೆ ಅದೇ. ಬದಲಾಗಿದ್ದು ನೀರು ಹೊರಗೆ ಹೋಗಿದ್ದು, ಎಣ್ಣೆ ಒಳಗೆ ಬಂದಿದ್ದು, ಅಷ್ಟೇ.

ಚೀಟಿ ಓದಿದ ಮಾರನೇ ದಿನ ನಾನೊಂದು ಕೆಲಸ ಮಾಡಿದೆ, ನಿಮ್ಮ ಓದುಗರೂ ಒಂದ್ಸಲ ಮಾಡಿ ನೋಡ್ಲಿ. ದಿನಾ ಬಾಣಲಿಗೆ ಹೇಗೆ ಎಣ್ಣೆ ಹಾಕ್ತೀವೋ ಹಾಗೇ, ಏನೂ ಯೋಚನೆ ಮಾಡದೆ, ಕೈ ರೂಢಿಯ ಮೇಲೆ, ಬಾಣಲಿ ಬದಲು ಒಂದು ಒಣ ಬಟ್ಟಲಿಗೆ ಸುರಿದೆ. ಆಮೇಲೆ ಆ ಎಣ್ಣೆನ ಟೇಬಲ್ ಸ್ಪೂನಲ್ಲಿ ಅಳೆದೆ. ಒಂದು, ಎರಡು, ಮೂರು, ನಾಲ್ಕನೇದೂ ತುಂಬ್ತು, ಬಟ್ಟಲ ತಳದಲ್ಲಿ ಇನ್ನೂ ಒಂಚೂರು ಉಳಿದಿತ್ತು. ಒಂದು ಟೇಬಲ್ ಸ್ಪೂನ್ ಎಣ್ಣೆ ಅಂದ್ರೆ ಸುಮಾರು 14 ಗ್ರಾಂ, ಅಂದ್ರೆ 120 ಕ್ಯಾಲೊರಿ. ನಾಲ್ಕಕ್ಕೆ 480. ಇಬ್ಬರ ತಿಂಡಿಗೆ ಬೇಯಿಸೋ ಮೂರು ಆಲೂಗಡ್ಡೆ ಎಲ್ಲಾ ಸೇರಿಸಿದ್ರೂ 400ರ ಹತ್ತಿರ ಬರುತ್ತೆ ಅಷ್ಟೇ. ಅಂದ್ರೆ ನಮ್ಮ ತಟ್ಟೆಯಲ್ಲಿ ಆಲೂಗಡ್ಡೆಗಿಂತ ಎಣ್ಣೆಯೇ ದೊಡ್ಡ ಊಟ ಆಗಿತ್ತು, ಕಣ್ಣಿಗೆ ಕಾಣ್ತಿದ್ದಿದ್ದು ಮಾತ್ರ ಆಲೂಗಡ್ಡೆ. ಯಾವ ಎಣ್ಣೆ ಒಳ್ಳೇದು ಅಂತ ಜನ ತುಂಬಾ ಚರ್ಚೆ ಮಾಡ್ತಾರೆ, ಇರಲಿ, ಅದಕ್ಕೂ ಒಂದು ಜಾಗ ಇದೆ, ಆದ್ರೆ ಯಾವ ಎಣ್ಣೆಯಾದ್ರೂ ಗ್ರಾಂಗೆ 9 ಕ್ಯಾಲೊರಿಯೇ.

ಎಣ್ಣೆ ಒಳಗೆ ಹೋಗೋ ರೀತಿನೂ ಒಂದ್ಸಲ ಗೊತ್ತಾದ್ರೆ ಮರೆಯಲ್ಲ. ಹಸಿ ಹೋಳು ಕಾದ ಎಣ್ಣೆಗೆ ಬಿದ್ದಾಗ ಗುಳ್ಳೆ ಗುಳ್ಳೆ ಏಳುತ್ತಲ್ಲ, ಅದು ಒಳಗಿನ ನೀರು ಹಬೆಯಾಗಿ ಹೊರಗೆ ನುಗ್ತಿರೋದು, ಆ ಹಬೆ ನುಗ್ಗೋ ತನಕ ಎಣ್ಣೆಗೆ ಒಳಗೆ ಹೋಗೋಕೆ ಅಷ್ಟು ಸುಲಭಕ್ಕೆ ದಾರಿ ಸಿಗಲ್ಲ. ಹೋಳನ್ನ ಎತ್ತಿ ಹೊರಗೆ ಇಟ್ಟ ತಕ್ಷಣ ತಣ್ಣಗಾಗೋಕೆ ಶುರುವಾಗುತ್ತೆ, ಒಳಗಿನ ಹಬೆ ಕುಗ್ಗಿ ಜಾಗ ಖಾಲಿಯಾಗುತ್ತೆ, ಆಗ ಮೇಲೆ ಮೆತ್ತಿಕೊಂಡಿರೋ ಎಣ್ಣೆನ ಸ್ಪಂಜಿನ ಥರ ಒಳಗೆ ಎಳ್ಕೊಳ್ಳುತ್ತೆ. ಎಣ್ಣೆ ಹೀರೋ ಕೆಲಸದ ದೊಡ್ಡ ಪಾಲು ನಡೆಯೋದೇ ಒಲೆಯಿಂದ ಇಳಿಸಿದ ಮೇಲೆ. ಹಾಗಾಗಿ ತಣ್ಣಗಾದ ಮೇಲೆ ಪೇಪರ್ ಮೇಲೆ ಒತ್ತಿದ್ರೆ ಹೋಗೋದು ಸ್ವಲ್ಪನೇ, ಉಳಿದಿದ್ದು ಆಗ್ಲೇ ಒಳಗೆ ಸೇರ್ಕೊಂಡಿರುತ್ತೆ.

ಹಾಗಂತ ಎಣ್ಣೆ ಕಡಿಮೆ ಮಾಡಿದ ಮೊದಲನೇ ದಿನವೇ ಎಲ್ಲಾ ಚೆನ್ನಾಗಿ ಆಯ್ತು ಅಂತಲ್ಲ. ಹಸಿ ಆಲೂಗಡ್ಡೆ ಹೆಚ್ಚಿ ಒಂದು ಚಮಚ ಎಣ್ಣೆಗೆ ಹಾಕಿಬಿಟ್ಟೆ, ಐದು ನಿಮಿಷಕ್ಕೆ ತಳ ಹಿಡಿದು ಕಪ್ಪಾಯ್ತು, ಮಧ್ಯ ಹಸಿ ಹಸಿ, ಕೆರೆದು ಕೆರೆದು ಪುಡಿ. ತಂದೆ ಏನೂ ಅನ್ನದೆ ತಿಂದ್ರು, ನನಗೇ ಬೇಜಾರಾಯ್ತು. ಹಳೆ ವಿಧಾನ ಇಟ್ಕೊಂಡು ಎಣ್ಣೆ ಒಂದನ್ನೇ ಕಿತ್ತುಹಾಕಿದ್ರೆ ಆಗಲ್ಲ, ವಿಧಾನವೇ ಬೇರೆ ಬೇಕು ಅಂತ ಅವತ್ತು ಗೊತ್ತಾಯ್ತು. ಹಾಗೆ ಮಾಡ್ತಾ ಮಾಡ್ತಾ ಕೈಗೆ ಕೂತ ವಿಧಾನನ ಇಲ್ಲಿ ಬರೀತಿದೀನಿ, ಜಾಗ ಇದ್ರೆ ಪೂರ್ತಿ ಹಾಕಿ.

ಕೆಲಸ ಶುರುವಾಗೋದು ಹಿಂದಿನ ರಾತ್ರಿ. ಮಧ್ಯಮ ಗಾತ್ರದ ಮೂರು ಆಲೂಗಡ್ಡೆ, ಒಟ್ಟು ತೂಕ 450 ಗ್ರಾಂ ಇದ್ರೆ ಇಬ್ಬರಿಗೆ ಸಾಕು. ಸಿಪ್ಪೆ ಸಮೇತ ಚೆನ್ನಾಗಿ ಉಜ್ಜಿ ತೊಳೆದು ಪಾತ್ರೆಗೆ ಹಾಕಿ, ಮುಳುಗೋ ಅಷ್ಟು ತಣ್ಣೀರು ಹಾಕಿ ಒಲೆ ಮೇಲಿಡಿ. ತಣ್ಣೀರೇ ಆಗ್ಬೇಕು, ಕುದಿಯೋ ನೀರಿಗೆ ಇಡೀ ಗಡ್ಡೆ ಹಾಕಿದ್ರೆ ಒಳಗೆ ಬೇಯೋ ಹೊತ್ತಿಗೆ ಹೊರಗೆ ಬಿರಿದು ಉದುರೋಕೆ ಶುರುವಾಗಿರುತ್ತೆ, ತಣ್ಣೀರಲ್ಲಿ ಇಟ್ರೆ ನೀರಿನ ಜೊತೆಗೇ ಒಳಗೂ ನಿಧಾನಕ್ಕೆ ಬಿಸಿಯೇರುತ್ತೆ. ಸಿಪ್ಪೆ ಬಿಡೋದು ಯಾಕೆ ಅಂದ್ರೆ ವಿಟಮಿನ್ ಸಿ ನೀರಲ್ಲಿ ಕರಗೋದು, ಸಿಪ್ಪೆ ಇದ್ರೆ ನೀರಿಗೆ ಹೋಗೋದು ಕಡಿಮೆ. ನೀರು ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ 20ರಿಂದ 25 ನಿಮಿಷ, ಚಾಕು ತುದಿ ಚುಚ್ಚಿದ್ರೆ ಸಲೀಸಾಗಿ ಒಳಗೆ ಹೋಗ್ಬೇಕು, ಆದ್ರೆ ಗಡ್ಡೆ ಬಾಯಿ ಬಿಟ್ಟಿರಬಾರದು. ಕುಕ್ಕರ್ ಇದ್ರೆ ಬೇಗ ಆಗುತ್ತೆ, ಒಂದು ವಿಷಲ್ ಜಾಸ್ತಿ ಆದ್ರೂ ಮುದ್ದೆ ಆಗೋ ಭಯ ಇರೋದ್ರಿಂದ ನಾನು ಪಾತ್ರೆಯಲ್ಲೇ ಬೇಯಿಸೋದು. ನೀರು ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಮುಚ್ಚಳ ತೆಗೆದು ಬಿಟ್ರೆ ಮೇಲಿನ ತೇವ ಆರುತ್ತೆ. ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ಗೆ. ರಾತ್ರಿಯಿಡೀ ಹೊರಗೆ ಇಡಬೇಡಿ, ಬೇಯಿಸಿದ ಆಲೂಗಡ್ಡೆ ಎರಡು ಗಂಟೆಗಿಂತ ಜಾಸ್ತಿ ಹೊರಗಿರೋದು ಒಳ್ಳೇದಲ್ಲ.

ಈ ರಾತ್ರಿ ತಣ್ಣಗೆ ಇಡೋದು ಬರೀ ಬೆಳಗ್ಗೆ ಟೈಮ್ ಉಳಿಸೋಕಲ್ಲ. ಬಿಸಿ ಬಿಸಿ ಆಲೂಗಡ್ಡೆ ಹೆಚ್ಚೋಕೆ ಹೋದ್ರೆ ಚಾಕುಗೆ ಅಂಟುತ್ತೆ, ಅಂಚು ಪುಡಿಯಾಗುತ್ತೆ, ಆ ಪುಡಿಯೇ ಬಾಣಲಿ ತಳ ಹಿಡಿಯೋದು. ತಣ್ಣಗಾದಾಗ ಒಳಗಿನ ಪಿಷ್ಟ ಗಟ್ಟಿಯಾಗಿ ಕೂರುತ್ತೆ, ಹೋಳು ನೀಟಾಗಿ ಬರುತ್ತೆ, ಮೇಲ್ಮೈ ಒಣಗಿರುತ್ತೆ, ಎಣ್ಣೆ ಕಡಿಮೆ ಇದ್ರೂ ಅಂಟಲ್ಲ. ಇನ್ನೊಂದು ಲಾಭ, ಹಾಗೆ ತಣ್ಣಗಾದಾಗ ಪಿಷ್ಟದ ಒಂದು ಭಾಗ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣ ಆಗದೆ ನಾರಿನ ಥರ ಮುಂದೆ ಹೋಗೋ ರೂಪಕ್ಕೆ ಬದಲಾಗುತ್ತೆ, ಮತ್ತೆ ಬಿಸಿ ಮಾಡಿದ್ರೂ ಅದರಲ್ಲಿ ಸ್ವಲ್ಪ ಉಳಿಯುತ್ತೆ. ಇದೇನು ಪವಾಡ ಅಲ್ಲ, ಅಷ್ಟು ದೊಡ್ಡ ವ್ಯತ್ಯಾಸವೂ ಅಲ್ಲ, ಆದ್ರೂ ಪುಕ್ಕಟೆ ಸಿಗೋ ಲಾಭ ಯಾಕೆ ಬಿಡ್ಬೇಕು.

ಬೆಳಗ್ಗೆ ಎದ್ದು ಆ ಗಡ್ಡೆಗಳನ್ನ ಬೆರಳಿನ ದಪ್ಪಕ್ಕೆ ಹೋಳು ಮಾಡಿ, ಸಿಪ್ಪೆ ಬೇಕಾದ್ರೆ ಇರಲಿ, ಬೇಡ ಅನ್ನೋರು ಈಗ ಬಿಡಿಸಿದ್ರೆ ಕೈಯಲ್ಲೇ ಬರುತ್ತೆ. ಅಗಲವಾದ ಬಾಣಲಿ ಬೇಕು, ಹೋಳುಗಳು ಒಂದರ ಮೇಲೊಂದು ಬೀಳಬಾರದು. ಚೆನ್ನಾಗಿ ಪಳಗಿರೋ ಕಬ್ಬಿಣದ ಬಾಣಲಿ ಆದ್ರೆ ಮೊದಲು ಖಾಲಿಯಾಗಿ ಕಾಯಿಸಿ, ನಾನ್‌ಸ್ಟಿಕ್ ಆದ್ರೆ ಖಾಲಿ ಕಾಯಿಸಬೇಡಿ, ಅದರ ಲೇಪನಕ್ಕೆ ಅತಿ ಶಾಖ ಆಗಲ್ಲ. ಒಂದು ಟೀ ಸ್ಪೂನ್ ಎಣ್ಣೆ, ಮತ್ತೆ ಹೇಳ್ತೀನಿ ಟೀ ಸ್ಪೂನ್, ಅಳೆದು ಹಾಕಿ ಬ್ರಷ್‌ನಲ್ಲೋ ಅರ್ಧ ಈರುಳ್ಳಿ ತುಂಡಿನಲ್ಲೋ ಇಡೀ ಬಾಣಲಿಗೆ ಸವರಿ. ಸವರಿದ ಎಣ್ಣೆ ಹೊಳೀಬೇಕು, ಹರೀಬಾರದು. ಹೋಳುಗಳನ್ನ ಕತ್ತರಿಸಿದ ಮುಖ ಕೆಳಗೆ ಮಾಡಿ ಒಂದೊಂದಾಗಿ ಕೂರಿಸಿ.

ಇನ್ನು ಮುಟ್ಟಬೇಡಿ. ಇಡೀ ಅಡುಗೆಯ ಗುಟ್ಟು ಇರೋದು ಇಲ್ಲೇ. ಎಣ್ಣೆ ಜಾಸ್ತಿ ಇದ್ದಾಗ ಸೌಟಾಡಿಸ್ತಾ ಇರೋದು ರೂಢಿ, ಎಣ್ಣೆ ಕಡಿಮೆ ಇದ್ದಾಗ ಸೌಟಾಡಿಸಿದಷ್ಟೂ ಹಾಳು. ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಬಿಡಿ. ಮೊದಲು ಜೋರಾಗಿ ಚುಯ್ ಅಂತ ಸದ್ದು ಬರುತ್ತೆ, ಅದು ಮೇಲಿನ ತೇವ ಹೋಗ್ತಿರೋದು, ಆಮೇಲೆ ಸದ್ದು ಸಣ್ಣಗಾಗಿ ಟಿಕ್ ಟಿಕ್ ಅನ್ನೋ ಹಾಗಾಗುತ್ತೆ, ಒಂಥರಾ ಸುಟ್ಟ ಕಾಳಿನ ವಾಸನೆ ಏಳುತ್ತೆ, ಹೋಳಿನ ಬುಡದ ಸುತ್ತ ಸಣ್ಣ ಕಂದು ಗೆರೆ ಕಾಣುತ್ತೆ. ಆಗ ಬಾಣಲಿನ ಹಿಡಿಕೆ ಹಿಡಿದು ಒಂದ್ಸಲ ಮೆಲ್ಲಗೆ ಅಲ್ಲಾಡಿಸಿ. ಕ್ರಸ್ಟ್, ಅಂದ್ರೆ ತಳದ ಗರಿಗರಿ ಪದರ, ಕೂತಿದ್ರೆ ಹೋಳುಗಳು ತಾವಾಗೇ ಜಾರುತ್ತವೆ. ಜಾರಲಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತ, ಕೆರೆಯೋಕೆ ಹೋಗಬೇಡಿ, ಇನ್ನೊಂದು ನಿಮಿಷ ಕೊಡಿ. ತಿರುವಿ ಹಾಕಿದಾಗ ಆ ಜೇನಿನ ಬಣ್ಣದ ಮುಖ ನೋಡಿ ನಮ್ಮ ತಂದೆ ಇದಕ್ಕೆ ಎಷ್ಟು ಎಣ್ಣೆ ಹಾಕಿದ್ದೀಯ ಅಂತ ಗಾಬರಿಯಿಂದ ಕೇಳಿದ್ರು, ಚಮಚ ತೋರಿಸಿದ ಮೇಲೇ ನೆಮ್ಮದಿಯಾಗಿ ತಟ್ಟೆ ಮುಂದೆ ಎಳ್ಕೊಂಡಿದ್ದು.

ಇನ್ನೊಂದು ಒಲೆಯಲ್ಲಿ ಈರುಳ್ಳಿ. ಇದಕ್ಕೆ ಎಣ್ಣೆನೇ ಬೇಡ. ತೆಳ್ಳಗೆ ಹೆಚ್ಚಿದ ಈರುಳ್ಳಿನ ಒಣ ಬಾಣಲಿಗೆ ಹಾಕಿ ಎರಡು ಚಮಚ ನೀರು, ಮುಚ್ಚಳ ಮುಚ್ಚಿ, ನೀರು ಆರಿದಾಗ ತಳಕ್ಕೆ ಕಂದು ಬಣ್ಣ ಹತ್ತುತ್ತೆ, ಆಗ ಮತ್ತೊಂದು ಚಮಚ ನೀರು ಹಾಕಿ ಆ ಬಣ್ಣನ ಕೆರೆದು ಈರುಳ್ಳಿಗೇ ಸೇರಿಸಿ, ಹೀಗೆ ಎರಡು ಮೂರು ಸಲ. ಎಣ್ಣೆಯಲ್ಲಿ ಹುರಿದಷ್ಟೇ ಸಿಹಿ, ಮೆತ್ತಗೆ ಆಗುತ್ತೆ. ಎರಡೂ ಸೇರಿಸಿ ಮೇಲೆ ಹೊಸದಾಗಿ ಕುಟ್ಟಿದ ಕಾಳುಮೆಣಸು, ಸ್ವಲ್ಪ ಉಪ್ಪು, ಹೆಚ್ಚಿದ ಸೊಪ್ಪು. ಉಪ್ಪು ಕೊನೆಗೆ ಹಾಕಿದ್ರೆ ನಾಲಿಗೆಗೆ ಮೊದಲು ಸಿಗುತ್ತೆ, ಕಡಿಮೆಯಲ್ಲೇ ಸಾಕಾಗುತ್ತೆ, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಎಣ್ಣೆ ಉಳಿಸಿ ಉಪ್ಪು ಸುರಿದ್ರೆ ಏನು ಬಂತು. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ. ಹುಳಿ ಬಗ್ಗೆ ಒಂದು ವಿಷಯ ರೆಸಿಪಿ ಬರೆಯೋರು ಯಾರೂ ಹೇಳಲ್ಲ, ಆಲೂಗಡ್ಡೆ ಬೇಯೋ ಮೊದಲೇ ನಿಂಬೆ, ಟೊಮೆಟೊ, ವಿನೆಗರ್ ಏನಾದ್ರೂ ಬಿದ್ರೆ ಗಡ್ಡೆ ಎಷ್ಟು ಹೊತ್ತಾದ್ರೂ ಮೆತ್ತಗಾಗಲ್ಲ, ಜೀವಕೋಶಗಳನ್ನ ಹಿಡಿದಿಟ್ಟಿರೋ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗಲ್ಲ. ಎಷ್ಟೋ ಜನ ಗಡ್ಡೆಯೇ ಸರಿ ಇಲ್ಲ ಅಂತ ಬೈಕೊಳ್ಳೋದು ಇದಕ್ಕೇ.

ಹೀಗೆ ಮಾಡಿದ ಒಂದು ತಟ್ಟೆಗೆ ಕೊಬ್ಬು ಎರಡೂವರೆ ಗ್ರಾಂ ಆಸುಪಾಸು, ಕ್ಯಾಲೊರಿ 220, ಈರುಳ್ಳಿ ಸೇರಿದ್ರೆ ಇನ್ನೊಂದು ಚೂರು ಮೇಲೆ. ಪಕ್ಕದಲ್ಲಿ ಕೆನೆ ತೆಗೆದ ಹಾಲಿನ ಗಟ್ಟಿ ಮೊಸರೋ, ಬೇಯಿಸಿದ ಕಾಳೋ, ಮೊಟ್ಟೆ ತಿನ್ನೋರು ಬಿಳಿ ಭಾಗವೋ ಇಟ್ಕೊಳ್ಳಿ, ಯಾಕೆ ಅಂದ್ರೆ ಆಲೂಗಡ್ಡೆಯಲ್ಲಿ ಪ್ರೋಟೀನ್ 100 ಗ್ರಾಂಗೆ 2 ಗ್ರಾಂ ಅಷ್ಟೇ, ಅದೊಂದನ್ನೇ ನೆಚ್ಕೊಂಡ್ರೆ ಸಾಲಲ್ಲ. ಹೊಟ್ಟೆ ತುಂಬೋ ವಿಷಯಕ್ಕೆ ಮಾತ್ರ ಅನುಮಾನ ಬೇಡ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಯವರು ಒಂದೇ ಕ್ಯಾಲೊರಿಯಷ್ಟು 38 ಬಗೆಯ ಆಹಾರ ಜನರಿಗೆ ಕೊಟ್ಟು, ತಿಂದ ಮೇಲೆ ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದ ಹಾಗಿದೆ ಅಂತ ಕೇಳಿ ಅಳೆದಿದ್ರು. ಬಿಳಿ ಬ್ರೆಡ್‌ಗೆ 100 ಅಂತ ಇಟ್ಕೊಂಡ್ರೆ ಬೇಯಿಸಿದ ಆಲೂಗಡ್ಡೆಗೆ ಬಂದಿದ್ದು 323, ಎಲ್ಲಕ್ಕಿಂತ ಮೇಲೆ. ನಿಮ್ಮ ಬಾಕ್ಸ್‌ನಲ್ಲಿ ದೂರ ಇಡಿ ಅಂದಿದ್ದು ಇದೇ ಗಡ್ಡೆನ.

ಎಲ್ಲರಿಗೂ ಎಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. ಸಕ್ಕರೆ ಕಾಯಿಲೆ ಇರೋರಿಗೆ ಆಲೂಗಡ್ಡೆಯ ಪಿಷ್ಟ ಬೇಗ ಸಕ್ಕರೆ ಏರಿಸುತ್ತೆ, ಕೊಬ್ಬು ಇಲ್ಲ ಅಂತ ಎರಡು ತಟ್ಟೆ ತಿನ್ನೋ ಹಾಗಿಲ್ಲ, ಎಷ್ಟು ಅಂತ ಡಾಕ್ಟರ್ ಹತ್ರ ಕೇಳಿ. ಕಿಡ್ನಿ ತೊಂದರೆ ಇರೋರಿಗೆ ಇದರಲ್ಲಿರೋ ಪೊಟ್ಯಾಸಿಯಂ ಸಮಸ್ಯೆ, 100 ಗ್ರಾಂಗೆ 400 ಮಿಲಿಗ್ರಾಂ ಹತ್ತಿರ ಇರುತ್ತೆ, ಅವರಿಗೆ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ತುಂಬಾ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲೋ ವಿಧಾನ ಬೇರೆ ಇದೆ, ಮೇಲೆ ಹೇಳಿದ್ದು ಅವರಿಗಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಬ್ಬು ಬೇಕು, ಅವರ ತಟ್ಟೆಯಲ್ಲಿ ಈ ಜಿಪುಣತನ ಮಾಡಬೇಡಿ. ದೊಡ್ಡವರಿಗೂ ಎ, ಡಿ, ಇ, ಕೆ ವಿಟಮಿನ್ ಮೈಗೆ ಹತ್ತೋಕೆ ಸ್ವಲ್ಪ ಕೊಬ್ಬು ಇರಲೇಬೇಕು, ಅದಕ್ಕೇ ನಾನು ಎಣ್ಣೆ ಸೊನ್ನೆ ಮಾಡಿಲ್ಲ, ಒಂದು ಚಮಚ ಉಳಿಸ್ಕೊಂಡಿದೀನಿ.

ಗಡ್ಡೆ ಆರಿಸೋದರಲ್ಲೂ ಕಣ್ಣಿರಲಿ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆ, ಮೊಳಕೆ ತುಂಬಿ ಸುಕ್ಕಾದ ಗಡ್ಡೆ ಎರಡನ್ನೂ ಬಿಸಾಕಿ, ಅದರಲ್ಲಿ ಹೆಚ್ಚಾಗೋ ಸೊಲಾನಿನ್ ಅನ್ನೋ ವಿಷ ಬೇಯಿಸಿದ್ರೆ ಹೋಗಲ್ಲ, ಕಹಿ ಅನ್ಸಿದ್ರೆ ಬಾಯಲ್ಲಿದ್ದದ್ದನ್ನೂ ಉಗೀರಿ. ಹಸಿ ಗಡ್ಡೆನ ಫ್ರಿಜ್‌ನಲ್ಲಿ ಇಡೋ ಬದಲು ಕತ್ತಲೆ ಇರೋ, ಗಾಳಿ ಆಡೋ, ತಂಪಾದ ಮೂಲೆಯಲ್ಲಿ ಇಡಿ. ತುಂಬಾ ಚಳಿಯಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತೆ, ಅಂಥದ್ದನ್ನ ಕರಿದ್ರೆ, ಜೋರು ಉರಿಯಲ್ಲಿ ಹುರಿದ್ರೆ ಬೇಗ ಕಪ್ಪಾಗಿ ಅಕ್ರಿಲಮೈಡ್ ಅನ್ನೋ ಬೇಡದ ವಸ್ತು ಜಾಸ್ತಿ ಆಗುತ್ತೆ, ಆಹಾರದಲ್ಲಿ ಅದು ಇದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದ್ರು. ನೀರಲ್ಲಿ ಬೇಯಿಸಿದ್ರೆ ಆ ತೊಂದರೆ ಇಲ್ಲ. ನಮ್ಮ ಬಾಣಲಿ ವಿಧಾನದಲ್ಲೂ ಜೇನಿನ ಬಣ್ಣಕ್ಕೇ ನಿಲ್ಲಿಸಿ, ಕಾಫಿ ಬಣ್ಣಕ್ಕೆ ಹೋಗಬೇಡಿ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ರೆಸಿಪಿ ಕಳಿಸೋ ಓದುಗರಿಗೆ ಎಣ್ಣೆನೂ ಚಮಚದ ಲೆಕ್ಕದಲ್ಲೇ ಬರೀರಿ ಅಂತ ಒಂದು ಸಾಲು ಸೂಚನೆ ಹಾಕಿ, ಲೆಕ್ಕ ಇಲ್ಲದ ರೆಸಿಪಿ ಬಂದ್ರೆ ಕೇಳಿ ತಿದ್ದಿಸಿ. ಎಷ್ಟು ಜನಕ್ಕೆ ಅನ್ನೋದೂ ಇರಲಿ, ಇಲ್ಲಾಂದ್ರೆ ನಾಲ್ಕು ಚಮಚ ಅನ್ನೋದು ಇಬ್ಬರಿಗೋ ಆರು ಜನಕ್ಕೋ ಗೊತ್ತಾಗಲ್ಲ. ಕರಿಯೋ ತಿಂಡಿ ಹಾಕಲೇಬೇಡಿ ಅಂತಲೂ ನಾನು ಹೇಳಲ್ಲ, ಹಬ್ಬ ಹರಿದಿನಕ್ಕೆ ಬೇಕು, ಆದ್ರೆ ಹತ್ತು ಆಲೂಗಡ್ಡೆ ತಿಂಡಿಯಲ್ಲಿ ನಾಲ್ಕಾದ್ರೂ ಹೀಗೆ ಕಡಿಮೆ ಎಣ್ಣೆಯದ್ದು ಇರಲಿ. ಆರೋಗ್ಯದ ಬಾಕ್ಸ್ ಬರೆಯೋರಿಗೂ ಹೇಳಿ, ಆಲೂಗಡ್ಡೆ ಬಿಡಿ ಅನ್ನೋ ಕಡೆ ಕರಿದ ಆಲೂಗಡ್ಡೆ ಅಂತ ಒಂದು ಪದ ಸೇರಿಸಿದ್ರೆ ಸಾಕು, ಎಷ್ಟೋ ಮನೆಯಲ್ಲಿ ವಯಸ್ಸಾದವರು ಆ ಬಾಕ್ಸ್ ಓದಿ ತಮಗೆ ಇಷ್ಟದ್ದನ್ನ ಬಿಡ್ತಿದ್ದಾರೆ. ನಮ್ಮ ತಂದೆ ಈಗ ವಾರಕ್ಕೆ ಎರಡು ಬೆಳಗ್ಗೆ ಆಲೂಗಡ್ಡೆ ತಿಂತಾರೆ, ಹಿಂದಿನ ರಾತ್ರಿ ಗಡ್ಡೆ ತೊಳೆದು ತಣ್ಣೀರಲ್ಲಿ ಇಡೋ ಕೆಲಸ ಅವರದ್ದೇ, ನಾನು ಮಾಡ್ತೀನಿ ಅಂದ್ರೂ ಬಿಡಲ್ಲ.

ಇಂತಿ,
ನಿಮ್ಮ ಪುರವಣಿಯನ್ನ ಪ್ರತಿ ವಾರ ಎತ್ತಿಡೋ ಓದುಗರೊಬ್ಬರು